ನೋಡದ ಹಾಗೆ ಇಡುವವನು

ನಮ್ಮ ಕಟ್ಟಡದಲ್ಲಿ ಅವನಿಗೆ ಪಂಪಪ್ಪ ಎಂದು ಹೆಸರು. ಇಟ್ಟವನು ನಾನೇ. ಭೌತಶಾಸ್ತ್ರ ವಿಭಾಗದ ಸ್ಟೋರಿನಲ್ಲಿ ಕೂತು ಎಣ್ಣೆ, ಕೈಗವಸು, ನಟ್ಟು ಬೋಲ್ಟು ಕೊಡುವ ನನ್ನ ಕಿಟಕಿಗೆ ದಿನಕ್ಕೆ ಹತ್ತು ಸಲ ಬರುತ್ತಿದ್ದವನು ಅವನೊಬ್ಬನೇ. ಅವನ ಮನೆಯ ಕಡೆಯವರಿಗೆ ಮಾತ್ರ ಅವನು ಸೈಂಟಿಸ್ಟು. ಎರಡು ಹೆಸರಿಗೂ ಅವನು ಓಗೊಡುತ್ತಿದ್ದ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಅವನ ಕೆಲಸ ಗಾಳಿ ತೆಗೆಯುವುದು. ನೆಲಮಾಳಿಗೆಯ ಲ್ಯಾಬಿನಲ್ಲಿ ಕುಕ್ಕರಿನ ಗಾತ್ರದ ಒಂದು ಸ್ಟೀಲ್ ಡಬ್ಬಿ ಇದೆ. ಅದರೊಳಗೆ ಪ್ರೊಫೆಸರ್ ಮೇಡಂ ಬೆರಳೆಣಿಕೆಯಷ್ಟು ಪರಮಾಣುಗಳನ್ನು ಹಿಡಿದಿಟ್ಟು ಪ್ರಯೋಗ ಮಾಡುತ್ತಾರೆ. ಗಾಳಿಯ ಒಂದು ಕಣ ಹೋಗಿ ಡಿಕ್ಕಿ ಹೊಡೆದರೂ ಪ್ರಯೋಗ ಕೆಟ್ಟಿತು. ಹಾಗಾಗಿ ಪಂಪಪ್ಪ ಪಂಪು ಹಚ್ಚಿ, ಡಬ್ಬಿಗೆ ಹೀಟರ್ ಪಟ್ಟಿ ಸುತ್ತಿ, ಮೇಲೆ ಫಾಯಿಲ್ ಹೊದಿಸಿ, ಒಳಗೋಡೆಗೆ ಅಂಟಿದ ತೇವವೂ ಬಿಟ್ಟುಬರಲಿ ಎಂದು ಮೂರು ವಾರ ಬಿಸಿ ಮಾಡುತ್ತಾನೆ. ಒಳಗೋಡೆಯ ಮೇಲೆ ಒಂದು ಬೆರಳಿನ ಗುರುತು ಉಳಿದಿದ್ದರೂ ಆ ಮೂರು ವಾರ ಮಣ್ಣುಪಾಲು.

ಇಷ್ಟು ಕೆಲಸ ಮಾಡಿಯೂ "ಸೋರಿಕೆ ಇಲ್ಲ" ಎಂದು ಅವನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೇಳಿದ್ದಿಲ್ಲ. "ನನಗೆ ಸಿಕ್ಕಿಲ್ಲ" ಅನ್ನುತ್ತಿದ್ದ, ಅಷ್ಟೆ. ಮಾತಿನಲ್ಲಿ ಬಲು ಜಿಪುಣ. ಆದರೆ ಅವನ ಬೀದಿಗೆ ಹೋಗಿ ನೋಡಬೇಕು! ಮೊಬೈಲನ್ನು ದಿಂಬಿನ ಕೆಳಗೆ ಇಡಬಹುದೇ, ಕ್ವಾಂಟಮ್ ಚಾಪೆಯ ಮೇಲೆ ಮಲಗಿದರೆ ಬೆನ್ನುನೋವು ಹೋಗುತ್ತದೆಯೇ, ಮಿಕ್ಸಿ ಯಾಕೆ ಗುಯ್‌ಗುಡುತ್ತಿದೆ, ಎಲ್ಲದಕ್ಕೂ ಇವನದೇ ತೀರ್ಪು. ಜನರಿಗೂ ಅಷ್ಟೆ, ವಿಜ್ಞಾನ ಎಂದು ಬೋರ್ಡು ಹಾಕಿದ ಕಟ್ಟಡದಿಂದ ಹೊರಬಂದವನಿಗೆ ಸಕಲವೂ ಗೊತ್ತಿರಬೇಕು. ಗೊತ್ತಿಲ್ಲ ಎಂದವನು ದಡ್ಡ, ತಟ್ಟನೆ ಉತ್ತರ ಕೊಟ್ಟವನು ಪಂಡಿತ.

ಅವನ ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅರ್ಧ ಬೆರಳು ಹೆಚ್ಚುಕಮ್ಮಿಯಾದರೂ ಬಿಚ್ಚಿ ಮತ್ತೆ ಹೊಲಿಯುವ ಜಾತಿ. ತಮ್ಮನ ಮೇಲೆ ಅವಳಿಗೆ ಎಷ್ಟು ಹೆಮ್ಮೆಯೆಂದರೆ, ಅವನು ಕೇಳದಿದ್ದರೂ ಒಂದು ಬಿಳಿ ಕೋಟು ಹೊಲಿದುಕೊಟ್ಟಿದ್ದಳು. ಸಿನಿಮಾದಲ್ಲಿ ವಿಜ್ಞಾನಿಗಳು ಹಾಕುತ್ತಾರಲ್ಲ, ಅಂಥದ್ದು.

ಅಕ್ಕನ ಮಗಳ ಹುಟ್ಟುಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಯಾರೋ ಕೇಳಿದರು, "ಅದೇನು ಮಾರಾಯ, ಎಲ್ಲಿ ನೋಡಿದ್ರೂ ಕ್ವಾಂಟಮ್ ಕ್ವಾಂಟಮ್ ಅಂತಾರಲ್ಲ?" "ನಾನು ಪಂಪಿನವನು, ನನಗೆ ಗೊತ್ತಿಲ್ಲ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಇವನು ಕೈ ತೊಳೆದು, ಗಂಟಲು ಸರಿಮಾಡಿಕೊಂಡು ಹೇಳಿದ:

"ನೋಡೋ ತನಕ ಹೌದು ಅನ್ನೋದೂ ಅಲ್ಲ ಅನ್ನೋದೂ ಎರಡೂ ನಿಜ. ನೋಡಿದ ಕ್ಷಣ ಒಂದಾಗತ್ತೆ. ನಾವು ನೋಡೋದ್ರಿಂದಲೇ ಅದು ತೀರ್ಮಾನ ಆಗೋದು."

ಎಲ್ಲರ ಕೈಯೂ ತಟ್ಟೆಯ ಮೇಲೆ ನಿಂತಿತಂತೆ. ಆ ನಿಶ್ಶಬ್ದ ಎಷ್ಟು ರುಚಿಯಾಗಿತ್ತು ಎಂದು ಅವನೇ ನನ್ನ ಹತ್ತಿರ ಹೇಳಿಕೊಂಡಿದ್ದ. ನಾನೂ ನಕ್ಕಿದ್ದೆ. ಈಗ ನೆನೆದರೆ ನನಗೇ ನಾಚಿಕೆ.

ಅದಾಗಿ ನಾಲ್ಕೈದು ತಿಂಗಳ ಮೇಲೆ ಪ್ಯಾಂಟು ಗಿಡ್ಡ ಮಾಡಿಸಲು ಅಕ್ಕನ ಮನೆಗೆ ಹೋದ. ಅಂಗಡಿಯ ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಕೇಳಿದರೆ ಒಡೆದಿದೆ ಅಂದಳು. ಅವಳು ಒಳಗೆ ಹೋದಾಗ ಬಟ್ಟೆ ಸರಿಸಿ ನೋಡಿದ, ಕನ್ನಡಿ ನೆಟ್ಟಗಿತ್ತು. ಹೊರಡುವಾಗ ಭಾವ ಗೇಟಿನ ತನಕ ಬಂದು ದನಿ ತಗ್ಗಿಸಿದರು.

"ಎದೆ ಪಕ್ಕ ಒಂದು ಗಂಟು ಆಗಿದೆ. ಸೂಜಿ ಹಾಕಿ ಪರೀಕ್ಷೆ ಮಾಡಿಸಿ ಅಂತ ಡಾಕ್ಟರ್ ಚೀಟಿ ಬರೆದು ನಾಲ್ಕು ತಿಂಗಳಾಯ್ತು. ಹೋಗಲ್ಲ ಅಂತಾಳೆ. ಸ್ನಾನ ಮಾಡುವಾಗ್ಲೂ ಅಲ್ಲಿ ಕೈ ಇಡಲ್ವಂತೆ."

"ಯಾಕೆ ಭಾವ?"

"ನನ್ನೇನು ಕೇಳ್ತೀಯಪ್ಪ? ನೋಡಿದ ಮೇಲೇ ತೀರ್ಮಾನ ಆಗೋದು ಅಂತ ನೀನೇ ಹೇಳಿದ್ದಂತೆ. ನೋಡಿಸದೇ ಇದ್ರೆ ಅದು ಕೆಟ್ಟದ್ದಾಗೋದೇ ಇಲ್ವಂತೆ. ವಿಜ್ಞಾನಿ ತಮ್ಮನ ಮಾತಿನ ಮುಂದೆ ನನ್ನ ಮಾತು ಎಲ್ಲಿ ನಡೆಯತ್ತೆ?"

ಮರುದಿನ ಅವನು ನನ್ನ ಕಿಟಕಿಗೂ ಬರಲಿಲ್ಲ. ಸೀದಾ ಪ್ರೊಫೆಸರ್ ಮೇಡಂ ಹತ್ತಿರ ಹೋಗಿ, ಅಕ್ಕನಿಗೆ ನೀವೇ ಬುದ್ಧಿ ಹೇಳಬೇಕು ಎಂದು ಬೇಡಿಕೊಂಡ. ಅವರು ಪೂರ್ತಿ ಕೇಳಿಸಿಕೊಂಡರು.

"ಗಂಟಿನ ವಿಷಯ ನನಗೆ ಗೊತ್ತಿಲ್ಲ, ಅದು ಡಾಕ್ಟರ್ ಕೆಲಸ. ಆದರೆ ಒಂದು ವಸ್ತುವನ್ನ ಯಾವುದೂ ನೋಡದ ಹಾಗೆ ಇಡೋದು ಎಷ್ಟು ಕಷ್ಟ ಅಂತ ನಿಮಗಿಂತ ಚೆನ್ನಾಗಿ ಯಾರಿಗ್ರೀ ಗೊತ್ತು? ಇಲ್ಲಿಗೇ ಕರ್ಕೊಂಡು ಬನ್ನಿ. ನೀವೇ ಹೇಳಿ."

ಶನಿವಾರ ಬೆಳಿಗ್ಗೆ ಅಕ್ಕ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ನಾನು ಕೈಗವಸಿನ ಪೊಟ್ಟಣ ಹಿಡಿದು ಅವರ ಹಿಂದೆಯೇ ಲ್ಯಾಬಿಗೆ ಹೋದೆ. ತಮ್ಮನ ಎಣ್ಣೆ ಕಲೆಯ ನೀಲಿ ಅಂಗಿಯನ್ನು ಅವಳು ಮೇಲಿನಿಂದ ಕೆಳಗೆ ನೋಡಿದಳು.

"ನಾನು ಹೊಲಿದ ಕೋಟು ಏನಾಯ್ತೋ?"

"ಇಲ್ಲೇ ಬೀರುವಿನಲ್ಲಿದೆ. ಒಂದು ದಿನವೂ ಹಾಕಿಲ್ಲ ಅಕ್ಕ. ನಾನು ವಿಜ್ಞಾನಿ ಅಲ್ಲ. ಪಂಪು ರಿಪೇರಿ ಮಾಡೋನು. ಅವತ್ತು ಹೇಳಿದ್ದು ಇಲ್ಲಿ ಇವರೆಲ್ಲ ಮಾತಾಡೋದನ್ನ ಅರ್ಧಂಬರ್ಧ ಕೇಳಿಸ್ಕೊಂಡು."

ಅವಳಿಗೆ ಇದು ರುಚಿಸಲಿಲ್ಲ. "ಸುಳ್ಳಾ ಹಾಗಾದ್ರೆ?"

"ಈ ಡಬ್ಬಿ ಒಳಗೆ ಒಂದು ಥರ ನಿಜ. ಆದ್ರೆ ಇವರು ನೋಡೋದು ಅಂದ್ರೆ ಕಣ್ಣಲ್ಲಿ ನೋಡೋದಲ್ಲ, ಮನಸ್ಸಲ್ಲಿ ಅಂದ್ಕೊಳ್ಳೋದೂ ಅಲ್ಲ. ಗಾಳೀದು ಒಂದು ಕಣ ತಾಗಿದ್ರೂ ನೋಡಿದ ಹಾಗೇನೇ. ಒಂಚೂರು ಬೆಳಕು ಬಿದ್ರೂ ಅಷ್ಟೆ. ಅದಕ್ಕೇ ನಾನು ಮೂರು ವಾರ ಒದ್ದಾಡೋದು. ಇಷ್ಟೆಲ್ಲ ಮಾಡಿ ಆ ಎರಡೂ ನಿಜ ಅನ್ನೋದು ಎರಡು ಸೆಕೆಂಡು ನಿಂತ್ರೆ ಮೇಡಂ ಚಪ್ಪಾಳೆ ತಟ್ತಾರೆ."

ಅಕ್ಕ ಡಬ್ಬಿಯ ಕಡೆ ಬೆರಳು ಚಾಚಿದಳು. ತಾನಾಗಿಯೇ ಹಿಂದಕ್ಕೆ ಎಳೆದುಕೊಂಡಳು.

"ನಿನ್ನ ಗಂಟು ಎಲ್ಲಿದೆ ಅಕ್ಕ? ಬೆಚ್ಚಗೆ ಮೈಯೊಳಗಿದೆ. ರಕ್ತ ಅದನ್ನ ಸವರ್ಕೊಂಡೇ ಹರೀತಿದೆ. ನೀನು ನೋಡದೇ ಇದ್ರೇನು, ಎಲ್ಲವೂ ಅದನ್ನ ನೋಡ್ತಾನೇ ಇದೆ."

ಪಂಪು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಅವಳು ಸ್ಟೂಲಿನ ಮೇಲೆ ಕೂತಳು.

"ಅಂದ್ರೆ ಅದು ಏನು ಅಂತ ಆಗ್ಲೇ ತೀರ್ಮಾನ ಆಗಿದೆ."

"ಆಗಿದೆ. ನಮಗೆ ಗೊತ್ತಿಲ್ಲ, ಅಷ್ಟೆ."

"ಹಾಗಾದ್ರೆ ನಾನು ಈ ನಾಲ್ಕು ತಿಂಗಳು ಉಸಿರು ಬಿಗಿಹಿಡಿದು ತಡೆದು ಇಟ್ಕೊಂಡಿದ್ದು ಏನನ್ನೋ?"

ನಾನು ಕೈಗವಸಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ಸರಿದೆ. ಹೋಗುವಾಗ ಅವಳು ಬೀರುವಿನಿಂದ ಕೋಟನ್ನು ಕೇಳಿ ತೆಗೆಸಿಕೊಂಡಳು. ಬಟ್ಟೆ ಗಟ್ಟಿಯಾಗಿದೆ, ಯಾರಿಗಾದರೂ ಆಗುತ್ತದೆ ಎಂದಳು.

ಸೋಮವಾರ ಪರೀಕ್ಷೆ ಆಯಿತು. ಮುಂದಿನ ವಾರ ಫಲಿತಾಂಶ ಬಂತು: ಕ್ಯಾನ್ಸರ್. ಕಂಕುಳಿಗೂ ಹರಡಿದೆ, ಆಪರೇಷನ್ ಮಾಡೋಣ, ಗುಣವಾಗುವ ಆಸೆ ಚೆನ್ನಾಗಿಯೇ ಇದೆ ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಅಕ್ಕ, ಭಾವ, ಪಂಪಪ್ಪ ಮೂವರೂ ಕೂತರಂತೆ. ಅಕ್ಕ ಚೀಟಿಯನ್ನು ಮಡಿಸಿ, ಅಂಚಿಗೆ ಅಂಚು ಸರಿಯಾಗಿ ಕೂರಿಸಿ, ಕೇಳಿದಳು.

"ನಾಲ್ಕು ತಿಂಗಳ ಹಿಂದೆ ಬಂದಿದ್ರೆ ಇದು ಹರಡ್ತಾ ಇರ್ಲಿಲ್ವಾ?"

ಭಾವ ಅಭ್ಯಾಸಬಲದಿಂದ ಪಂಪಪ್ಪನ ಮುಖವನ್ನೇ ನೋಡಿದರು.

"ನನಗೆ ಗೊತ್ತಿಲ್ಲ ಅಕ್ಕ. ಡಾಕ್ಟರನ್ನ ಕೇಳೋಣ."

ಅವಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ಅವನ ಅಂಗಿಯ ಕಾಲರು ಸರಿಮಾಡಿದಳು.

"ಅವತ್ತು ಊಟಕ್ಕೆ ಕೂತಾಗ ಇಷ್ಟೇ ಹೇಳಿದ್ರೆ ಸಾಕಾಗಿತ್ತಲ್ಲೋ."