ಚಿಕ್ಕಪ್ಪನ ಲೋಟ ಮತ್ತು ಸೆಕ್ಷನ್ 185

ಕಳೆದ ವಾರ, ಪೊಲೀಸರ ಎದುರಿಗೇ, ನನ್ನ ಬಾಯಿಂದ ಸತ್ತವರೊಬ್ಬರು ಮಾತಾಡಿದರು.

ನಗಬೇಡಿ. ಮಿಮಿಕ್ರಿ ನನ್ನ ಕಸುಬು ಎಂದು ನಿಮಗೆ ಗೊತ್ತೇ ಇದೆ. ಕೆಮ್ಮುತ್ತಾ ಘಟ್ಟ ಹತ್ತುವ ಬಸ್ಸು, ಹಾಜರಿ ಬರೆಯುತ್ತಾ ಕೂಲಿಯವರ ಮೇಲೆ ರೇಗುವ ಎಸ್ಟೇಟ್ ರೈಟರ್, ದುಬಾರೆಯ ಆನೆ, ಹಲ್ಲುಸೆಟ್ಟು ಮರೆತು ಫೋನ್ ಎತ್ತುವ ನಮ್ಮಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಒಬ್ಬರು ಮಾತ್ರ ಬರಲೇ ಇಲ್ಲ. ಆರು ವರ್ಷದ ಹಿಂದೆ ಜೀಪು ಉರುಳಿ ತೀರಿಕೊಂಡ ನಮ್ಮ ಚಿಕ್ಕಪ್ಪ. ನಾನು ಎಷ್ಟು ಕಸರತ್ತು ಮಾಡಿದರೂ ಚಿಕ್ಕಮ್ಮ ತಲೆಯಾಡಿಸುತ್ತಿದ್ದರು. "ಅದು ಅವ್ರಲ್ಲ ಕಣೋ."

ಅವತ್ತು ಕುಶಾಲನಗರದ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಹಾಸನದಿಂದ ಬಂದು ಇಲ್ಲಿ ನೆಲೆಯಾದ ತಾತ ಪದ್ಧತಿಯನ್ನೂ ಗಂಟು ಕಟ್ಟಿಕೊಂಡು ಬಂದಿದ್ದರು. ಬಾಳೆಲೆ ತುಂಬ ಕೋಳಿಸಾರು, ಕಡುಬು. ಪಕ್ಕದಲ್ಲಿ ಚಿಕ್ಕಪ್ಪನಿಗೆ ಇಷ್ಟವಾದ ಬೀಡಿ, ಸ್ಟೀಲ್ ಲೋಟದಲ್ಲಿ ಬ್ರಾಂದಿ. ಎಡೆ ಇಟ್ಟು ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುವವರೆಗೆ ಯಾರೂ ಉಸಿರೆತ್ತಬಾರದು. ಆಮೇಲೆ ಅಪ್ಪ ಮೂರು ಸಲ ಬಾಗಿಲು ತಟ್ಟಿ ತೆಗೆಯುತ್ತಾರೆ. (ಒಳಗಿರುವವರಿಗೆ ಎದ್ದು ಹೋಗಲು ಟೈಮ್ ಬೇಕಲ್ಲ?)

ಪ್ರತಿ ವರ್ಷ ಆ ಲೋಟದಲ್ಲಿ ಒಂದು ಬೆರಳಿನಷ್ಟು ಕಮ್ಮಿಯಾಗಿರುತ್ತದೆ. ಅಮ್ಮ ಕೈ ಮುಗಿಯುತ್ತಾಳೆ, ನಾನು ಬೆಕ್ಕಿನ ಮೇಲೆ ಅನುಮಾನ ಪಡುತ್ತೇನೆ.

ಈ ಸಲವೂ ಕಮ್ಮಿಯಾಗಿತ್ತು. ಬೆಕ್ಕು ನನ್ನ ತೊಡೆಯ ಮೇಲೆ ಮಲಗಿತ್ತು.

ಚಿಕ್ಕಪ್ಪನಿಗೆ ಮಕ್ಕಳಿಲ್ಲ. ಹಾಗಾಗಿ ಅವರ ಲೋಟ ನನ್ನ ಪಾಲು. ಪ್ರಸಾದ ಚೆಲ್ಲುವ ಹಾಗಿಲ್ಲ. ಕುಡಿದೆ. ಊಟ ಮಾಡಿದೆ. ನಾಲ್ಕು ಗಂಟೆಗೆ ಚಿಕ್ಕಮ್ಮನನ್ನು ಓಮ್ನಿಯಲ್ಲಿ ಕೂರಿಸಿಕೊಂಡು ಸಿದ್ದಾಪುರದ ಕಡೆ ಹೊರಟೆ, ಅವರ ಮನೆಯಲ್ಲಿ ಹಸು ಕಾಯುತ್ತಿತ್ತು. ಕುಡಿದು ಗಾಡಿ ಓಡಿಸುತ್ತಿದ್ದೇನೆ ಎಂದು ಒಂದು ಕ್ಷಣಕ್ಕೂ ಅನ್ನಿಸಲಿಲ್ಲ. ಪ್ರಸಾದವನ್ನು ಯಾರಾದರೂ ಪೆಗ್ ಲೆಕ್ಕದಲ್ಲಿ ಅಳೆಯುತ್ತಾರೆಯೇ?

ದುಬಾರೆ ತಿರುವು ದಾಟುತ್ತಲೇ ಮಂಜು ಇಳಿಯಿತು. ವೈಪರ್ ಹಾಕಿದರೂ ಎದುರಿಗೆ ಬರೀ ಬಿಳಿ. ಆ ಬಿಳಿಯೊಳಗಿಂದ ಮೊದಲು ಒಂದು ಕೈ ಬಂತು, ಆಮೇಲೆ ಟಾರ್ಚು, ಕೊನೆಗೆ ಒಬ್ಬ ಎಎಸ್‌ಐ. ಅವರ ಬೆನ್ನ ಹಿಂದೆ "ಅಪಘಾತ ವಲಯ" ಎಂಬ ಬೋರ್ಡು. ಚಿಕ್ಕಪ್ಪನ ಜೀಪು ಅಲ್ಲೇ ಉರುಳಿದ ಮೇಲೆ ಹಾಕಿದ್ದು. ಮನೆಯಲ್ಲಿ ನಾವದನ್ನು ಚಿಕ್ಕಪ್ಪನ ಬೋರ್ಡು ಎಂದೇ ಕರೆಯುತ್ತೇವೆ.

"ಊದಪ್ಪಾ."

ಊದಿದೆ. ಮೆಷಿನ್ ಕೀಂಯ್ ಎಂದಿತು.

"ಐವತ್ತೆರಡು. ಎಷ್ಟು ಕುಡ್ದಿದೀಯ?"

"ಕುಡ್ದಿಲ್ಲ ಸಾರ್. ಎಡೆ ಪ್ರಸಾದ."

"ನಮ್ಮನೇಲೂ ನಾಳೆ ಎಡೆ ಕಣಪ್ಪ. ಅದಕ್ಕೇ ರಜಾ ಹಾಕಿದೀನಿ." ಅವರ ಮುಖದಲ್ಲಿ ನಗುವಿರಲಿಲ್ಲ.

"ಕುಡಿಯೋದು ಬೇರೆ, ಅಮಲಾಗೋದು ಬೇರೆ ಅಲ್ವಾ ಸಾರ್? ಬೇಕಾದ್ರೆ ಗೆರೆ ಮೇಲೆ ನಡೀತೀನಿ."

"ಸರ್ಕಸ್ ಬೇಡ. ನಿಂಗೆ ಅಮಲಾಗಿದ್ಯಾ ಇಲ್ವಾ ಅಂತ ನೂರಾ ಎಂಬತ್ತೈದನೇ ಸೆಕ್ಷನ್ ಕೇಳಲ್ಲ. ನೂರು ಎಂಎಲ್ ರಕ್ತಕ್ಕೆ ಮೂವತ್ತು ಮಿಲಿಗ್ರಾಂ ದಾಟ್ತಾ? ಪಾನಮತ್ತ ಚಾಲನೆ. ಅಷ್ಟೇ. ಕುಡೀದೇ ಇದ್ರೂ ಮೈಯಲ್ಲಿ ಶಕ್ತಿ ಇಲ್ದೆ, ತಲೆ ನೆಟ್ಟಗಿಲ್ದೆ ಓಡಿಸಿದ್ರೆ ಅದಕ್ಕೂ ಒಂದದೆ, ನೂರಾ ಎಂಬತ್ತಾರು. ಯಾವ್ದು ಬೇಕು?"

ಏನಾದರೂ ಜೋಕ್ ಹೊಡೆದು ಪಾರಾಗೋಣ ಎಂದು ಬಾಯಿ ತೆಗೆದೆ. ಬಂದದ್ದು ಜೋಕ್ ಅಲ್ಲ.

"ಎರಡು ಗುಟುಕಿಗೆಲ್ಲ ಏನಾಯ್ತದೆ. ಸ್ಟೇರಿಂಗ್ ಹಿಡಿದ್ರೆ ಕೈ ತಾನಾಗೇ ನೆಟ್ಟಗಾಯ್ತದೆ."

ದನಿ ನನ್ನದಲ್ಲ. ಕಫ ಕಟ್ಟಿದ, ಕೊನೆಯಲ್ಲಿ ಎಳೆಯುವ ದನಿ. ಆರು ವರ್ಷ ಹುಡುಕಿದರೂ ಸಿಗದಿದ್ದ ದನಿ.

ಚಿಕ್ಕಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು. "ಯಾರು ಹೇಳಿದ್ರು ನಿಂಗೆ ಈ ಮಾತ?"

"ಯಾರೂ ಇಲ್ಲ. ಬಾಯಿಗೆ ಬಂತು."

"ಅವತ್ತು ಬಾಗ್ಲಲ್ಲಿ ಕೀ ಹಿಡ್ಕೊಂಡು ನಿಂತು ಇದ್ನೇ ಹೇಳಿದ್ರು. ಮನೇಲಿ ನಾನೊಬ್ಳೇ ಇದ್ದೆ ಕಣೋ."

ಮಂಜಿನಲ್ಲಿ ಎಲ್ಲೋ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಮನೆಯಲ್ಲಿ ಚಿಕ್ಕಪ್ಪನ ಸಾವಿಗೆ ಇದ್ದದ್ದು ಒಂದೇ ಕಾರಣ: ಬ್ರೇಕ್ ಫೇಲ್. ಪೊಲೀಸರು ಬರೆದುಕೊಟ್ಟ ಕಾಗದದಲ್ಲಿ ಬೇರೇನೋ ಇತ್ತಂತೆ. ಚಿಕ್ಕಮ್ಮ ಅದನ್ನು ಟ್ರಂಕಿನ ತಳಕ್ಕೆ ಹಾಕಿದವರು ಮತ್ತೆ ತೆಗೆದಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟರು. "ಅವತ್ತು ಅವ್ರು ಒಂದು ತೊಟ್ಟೂ ಮುಟ್ಟಿರ್ಲಿಲ್ಲ."

ಮಾತು ಬದಲಿಸಲು, "ಗಾಡಿ ಸೈಡಿಗಾದ್ರೂ ಹಾಕ್ತೀನಿ ಸಾರ್" ಎಂದು ಕೀ ತಿರುಗಿಸಲು ಹೋದೆ.

"ಮುಟ್ಬೇಡ. ಓಡಿಸಿದ್ರೂ ಕೇಸು, ಓಡ್ಸಕ್ಕೆ ಹೊರಟ್ರೂ ಕೇಸು."

"ಹೊರಟ್ರೂನಾ?" ಚಿಕ್ಕಮ್ಮ ಕೇಳಿದರು.

"ಹೂಂ ಕಣಮ್ಮ. ಗಾಡಿ ಅಲ್ಲಾಡ್ಲೇಬೇಕು ಅಂತೇನಿಲ್ಲ. ಕಾನೂನಲ್ಲಿ ಯತ್ನ ಅಂತಾರೆ. ಅಲ್ಲೇ ತಡೀಬೌದು."

"ಅಲ್ಲೇ ತಡೀಬೌದಾಗಿತ್ತು" ಎಂದರು ಚಿಕ್ಕಮ್ಮ. ಅದು ಎಎಸ್‌ಐಗೆ ಹೇಳಿದ್ದಲ್ಲ. ಬೋರ್ಡಿನ ಕಡೆ ನೋಡುತ್ತಿದ್ದರು.

ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ಸ್ಟೇಜಿನಲ್ಲೂ ಮಿಮಿಕ್ರಿ ಮಾಡಲಾರೆ. ನನ್ನ ಕೈ ಸರಿಸಿ, ಕೀ ಕಿತ್ತು, ಕಿಟಕಿಯಿಂದ ಹೊರಗೆ ಚಾಚಿದರು.

"ಬರ್ಕೊಳ್ಳಿ ಸಾರ್. ಇವ್ನು ಕುಡ್ದವ್ನೆ. ನಾನೇ ನೋಡಿದೀನಿ. ಏನು ಹೇಳಿದ್ರೂ ಕೀ ಮಾತ್ರ ಕೊಡ್ಬೇಡಿ."

ಬರೆದುಕೊಂಡರು. ಕೋರ್ಟಿಗೆ ಹೋಗಬೇಕು. ಲೈಸೆನ್ಸ್ ಉಳಿಯುವುದೋ ಗೊತ್ತಿಲ್ಲ. ಇಲ್ಲದಿದ್ದರೆ ಇನ್ನು ಪ್ರೋಗ್ರಾಮಿಗೆ ಹೋಗುವುದೂ ಬಸ್ಸಿನಲ್ಲೇ. (ಅದರ ಕೆಮ್ಮು ಕಲಿತಾಗಿದೆ, ಸೀಟು ಸಿಕ್ಕರೆ ಸಾಕು.) ನೋಟಿಸಿನಲ್ಲಿ ಪಾನಮತ್ತ, ಯತ್ನ ಎಂದೆಲ್ಲ ಅಚ್ಚಾಗಿದೆ. ಇಷ್ಟು ದಿನ ಅವು ವಕೀಲರ ಪದಗಳು ಎಂದುಕೊಂಡಿದ್ದೆ. ಚಿಕ್ಕಪ್ಪನ ಮನೆಯ ಬಾಗಿಲಲ್ಲೇ ಆರು ವರ್ಷದಿಂದ ನಿಂತಿದ್ದವು.

ಅವತ್ತು ಓಮ್ನಿಯನ್ನು ಅಲ್ಲೇ ಬಿಟ್ಟು ಇಬ್ಬರೂ ಸಿದ್ದಾಪುರದ ಬಸ್ಸು ಹತ್ತಿದೆವು. ಇಳಿಯುವಾಗ ಚಿಕ್ಕಮ್ಮ, "ಇನ್ನೊಂದ್ಸಲ ಅವ್ರ ಹಂಗೆ ಮಾತಾಡೋ" ಎಂದರು. ಎಷ್ಟು ತಿಣುಕಿದರೂ ಬರಲಿಲ್ಲ. ಅವರು ಎಂದಿನಂತೆ ತಲೆಯಾಡಿಸಿದರು. "ಬಿಡು. ಮುಂದಿನ್ ವರ್ಷ ಅವ್ರಿಗೆ ಕಾಫಿ ಇಡಣ."

ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ನನಗೆ ಉಳಿದಿರುವುದು ಒಂದೇ ಯೋಚನೆ. ಬಾಗಿಲು ತೆಗೆದಾಗ ಆ ಕಾಫಿ ಲೋಟ ತುಂಬಿದ್ದ ಹಾಗೇ ಇದ್ದರೆ, ಚಿಕ್ಕಪ್ಪ ಅವತ್ತು ಕುಡಿಯಲು ಎಲ್ಲಿಗೆ ಹೋಗಿರುತ್ತಾರೆ?