ಮಿಲ್ಲಿನ ಅಕ್ಕಾರು ರೌಟರಿಗೆ ಲೈಸೆನ್ಸ್ ಆರಿಸಿದ್ದು

ಗಂಗಾವತಿಯ ರೌಟರ್ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಬುದ್ಧಿಯಿಂದಲ್ಲ, ಬಾಯಿಯಿಂದ. ಯಾರ ದನಿಯನ್ನಾದರೂ ಅಣಕಿಸಬಲ್ಲೆ. ಆ ದಿನ ಅಕ್ಕಿ ಮಿಲ್ಲಿನ ಒಡತಿಯ ಮುಂದೆ, ಕಂಪನಿಯ ಸೇಲ್ಸ್ ಸಾಹೇಬರಂತೆ ಹುಬ್ಬು ಹಾರಿಸಿ ಶುರುಮಾಡಿದೆ: “ಮೇಡಂ, ರೌಟರ್ ಪೆಟ್ಟಿಗೆ ಒಂದೇ. ಒಳಗಿನ ಸಾಫ್ಟ್‌ವೇರಿಗೆ ಲೈಸೆನ್ಸ್ ಮೂರು ದರ್ಜೆ. ಸಾದಾ, ನಡುವಿನದು, ಮೇಲಿನದು. ದರ್ಜೆ ಏರಿದಂತೆ ಸೌಲಭ್ಯ, ಬೆಲೆ ಎರಡೂ ಏರುತ್ತವೆ. ದೊಡ್ಡವರು ಮೇಲಿನದನ್ನೇ ತಗೊಳ್ಳೋದು.”

“ತಮ್ಮಾ, ಇದು ನಿನ್ನ ದನಿ ಅಲ್ಲ. ನೆಗಡಿ ಆಗೇತೇನು?” ಎಂದರು ಅಕ್ಕಾರು. ಮಿಲ್ಲಿನವರೆಲ್ಲ ಅವರನ್ನು ಕರೆಯುವುದೇ ಹಾಗೆ.

ಅವರ ಚಿಂತೆ ಒಂದೇ. ಮಿಲ್ಲಿನ ಸಿದ್ದಾಪುರದ ಗೋದಾಮಿನಲ್ಲಿ ಭತ್ತದ ಲಾರಿ ತೂಗುತ್ತಾರೆ. ತೂಕ ಗಂಗಾವತಿಯ ಮಿಲ್ಲಿನ ಕಂಪ್ಯೂಟರಿಗೆ ಬಂದ ಮೇಲೆಯೇ ಲಾರಿಯ ಮಾಲು ಇಳಿಸುವುದು. ಹಿಂದಿನ ಸುಗ್ಗಿಯಲ್ಲಿ ಇಂಟರ್ನೆಟ್ ಕೇಬಲ್ ಕಡಿದು, ಲಾರಿಗಳ ಸಾಲು ನಿಂತು, ರೈತರು ಗಾಡಿ ತಿರುಗಿಸಿಕೊಂಡು ಬೇರೆ ಮಿಲ್ಲಿಗೆ ಹೋಗಿದ್ದರು.

“ಕೇಬಲ್ ಹೋದ್ರ ಮೊಬೈಲ್ ಸಿಮ್ಮಿನ ಮ್ಯಾಲ ತಾನ ನಡಿತೈತೇನು? ಯಾವ ಲೈಸೆನ್ಸಿನ್ಯಾಗ?”

“ಮ್ಯಾಲಿಂದರಾಗ ಎಲ್ಲಾ ಐತ್ರಿ ಅಕ್ಕಾರ.” ಗಾಬರಿಗೆ ಸ್ವಂತ ದನಿಯೇ ಬಂದುಬಿಟ್ಟಿತು.

“ಎಲ್ಲಾ ಅಂದ್ರ ಏನೇನು?”

ಅದು ನನಗೂ ಗೊತ್ತಿರಲಿಲ್ಲ.

ಭತ್ತ ಕೊಳ್ಳುವಾಗ ಅಕ್ಕಾರು ಚೀಲದ ಬಾಯಿ ನೋಡಿ ಮರುಳಾಗುವವರಲ್ಲ. ಕಬ್ಬಿಣದ ಕೊಳವೆ ಚುಚ್ಚಿ ನಡುವಿನ ಕಾಳು ತೆಗೆಸಿ, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಆಮೇಲೆ ಮಾತು. “ಮುಟ್ಟಿ ನೋಡದ ಮಾಲು ನಾ ತಗೊಳ್ಳಂಗಿಲ್ಲ. ಮೂರೂ ಹಾಕಿ ತೋರಸು.”

ಪರೀಕ್ಷೆಗೆಂದು ಕಂಪನಿ ಕೊಡುವ ತಾತ್ಕಾಲಿಕ ಲೈಸೆನ್ಸುಗಳಿದ್ದವು. ಮರುದಿನ ಸಿದ್ದಾಪುರದಲ್ಲಿ, ಅಕ್ಕಾರ ಎದುರೇ, ರೌಟರಿಗೆ ಸಿಮ್ ಸೇರಿಸಿ, ಸಾದಾ ಲೈಸೆನ್ಸ್ ಹಾಕಿ ಕೇಬಲ್ ಕಿತ್ತೆ. ತೂಕ ಅಲ್ಲೇ ನಿಂತಿತು. ನಡುವಿನದು ಹಾಕಿ ಕಿತ್ತೆ. “ಬಂತ್ರಿ ಅಕ್ಕಾರ, ತೂಕ ಬಂತು!” ಎಂದು ಗಂಗಾವತಿಯ ಗುಮಾಸ್ತರು ಫೋನಿನಲ್ಲಿ ಕೂಗಿದರು. ಮೇಲಿನದರಲ್ಲೂ ಅಷ್ಟೇ ಬಂತು. ಜೊತೆಗೆ ಪರದೆಯ ತುಂಬ ಬಣ್ಣಬಣ್ಣದ ಗೆರೆಗಳು.

“ಈ ರಂಗೋಲಿ ಯಾರು ನೋಡಾವರು?”

“ನಾನ ನೋಡಬೇಕ್ರಿ.”

“ನಿನಗ ತಿಳಿತೈತೇನು?”

“ಇಲ್ರಿ.”

ಅಕ್ಕಾರು ಬಿದ್ದು ಬಿದ್ದು ನಕ್ಕರು. ಸಿದ್ದಾಪುರಕ್ಕೆ ನಡುವಿನದು, ಬರೀ ಲೆಕ್ಕಪತ್ರ ನಡೆಯುವ ಕೊಪ್ಪಳದ ಕಚೇರಿಗೆ ಸಾದಾ ಎಂದು ತೀರ್ಮಾನವಾಯಿತು. “ಅಲ್ಲಿ ಲೈನ್ ಹೋದ್ರ ಮಂದಿ ಚಾ ಕುಡ್ಕೋಂತ ಕುಂದರ್ತಾರ. ಲಾರಿ ಕುಂದರಂಗಿಲ್ಲ.” ಇಷ್ಟು ಚೊಕ್ಕವಾಗಿ ಲೈಸೆನ್ಸ್ ಆರಿಸಿದವರನ್ನು ನಮ್ಮ ಅಂಗಡಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಸುಗ್ಗಿಯ ನಡುವೆ ರಸ್ತೆ ಅಗೆಯುವವರು ಕೇಬಲ್ ಕಡಿದರೆಂದು ಸುದ್ದಿ ಬಂತು. ಎದ್ದು ಬಿದ್ದು ಬೈಕ್ ಓಡಿಸಿಕೊಂಡು ಸಿದ್ದಾಪುರಕ್ಕೆ ಹೋದರೆ, ಲಾರಿಗಳು ಒಂದರ ಹಿಂದೊಂದು ಖಾಲಿಯಾಗುತ್ತಿದ್ದವು. ಅಕ್ಕಾರು ಕಾಳು ತಿಕ್ಕುತ್ತಾ ತಲೆಯೆತ್ತಿದರು.

“ಯಾಕ ಬಂದಿ ತಮ್ಮಾ? ಏನಾಗೇತಿ?”