ಯಾರ ಮನೆಯ ಮಳೆ

ಅಮೆರಿಕದ ಸೀಡರ್ ಪಾರ್ಕಿನ ನಮ್ಮ ಅಡುಗೆಮನೆಯಲ್ಲಿ, ಒಗ್ಗರಣೆ ಸಿಡಿಯುವಷ್ಟು ಹತ್ತಿರದಲ್ಲೇ, ಒಂದು ಜಪಾನಿ ಕ್ಯಾಲೆಂಡರ್ ತೂಗುತ್ತದೆ. ಚಿಪ್ ಕಂಪನಿಯಲ್ಲಿ ನನ್ನವರ ಜೊತೆ ಕೆಲಸ ಮಾಡುವ ಜಪಾನಿ ಗೆಳೆಯರೊಬ್ಬರು ಕೊಟ್ಟದ್ದು. ವರ್ಷ ಮುಗಿದರೂ ಜೂನ್ ತಿಂಗಳ ಹಾಳೆಯನ್ನು ಮಗುಚಲು ನನಗೆ ಮನಸ್ಸು ಬಂದಿಲ್ಲ. ಮರದ ಸೇತುವೆ, ಅದರ ಮೇಲೆ ಬೆನ್ನು ಬಾಗಿಸಿ ಓಡುವ ನಾಲ್ಕಾರು ಜನ, ಮತ್ತು ಮಳೆ. ಆ ಮಳೆಯನ್ನು ನೀವು ನೋಡಬೇಕು: ಹನಿಯಲ್ಲ, ಕೂದಲೆಳೆಯಂಥ ಕಪ್ಪು ಗೆರೆಗಳು, ಆಕಾಶ ತಲೆ ಬಾಚಿ ಇಳಿಬಿಟ್ಟಂತೆ.

ಎಂಟು ವರ್ಷದ ಮಗಳು ಮೇಘನಾ ದೋಸೆ ತಿನ್ನುತ್ತ ದಿನವೂ ನೋಡಿದ ಮಳೆ ಅದು. ಅದೇ ಗೆರೆಗಳನ್ನು ಅವಳು ತಾನು ಬರೆದ ಸ್ಕೂಲ್ ಬಸ್ಸಿನ ಮೇಲೆ ಸುರಿಸಿದಳು. ಆ ಚಿತ್ರ ಅವಳ ಶಾಲೆಯ ಪ್ರದರ್ಶನಕ್ಕೆ ಆಯ್ಕೆಯಾಯಿತು. ಹೋಗಿ ನೋಡಿದರೆ, ಕೆಳಗಿನ ಚೀಟಿಯಲ್ಲಿ ಟೀಚರು ಯುರೋಪಿನ ಹೆಸರಾಂತ ಚಿತ್ರಕಾರನೊಬ್ಬನ ಹೆಸರು ಬರೆದು, ಅವನ ಸ್ಫೂರ್ತಿಯಿಂದ ಎಂದಿದ್ದರು.

"ಐ ಟೋಲ್ಡ್ ಹರ್, ಅಮ್ಮಾ. ಕ್ಯಾಲೆಂಡರ್ ಅಂತ. ಶೀ ಜಸ್ಟ್ ಸ್ಮೈಲ್ಡ್," ಎಂದಳು ಮಗಳು. ಮತ್ತೆ ಅವಳೇ, "ಇಟ್ಸ್ ಓಕೆ."

ಓಕೆ ಅಲ್ಲ. ಆ ಮಾತನ್ನು ಅವಳು ಇಷ್ಟು ಬೇಗ ಕಲಿತದ್ದೇ ನನಗೆ ಸಿಟ್ಟು ಬರಿಸಿತು. ಲೈಬ್ರರಿಯ ಪುಸ್ತಕದಲ್ಲಿ ನಾನೂ ನೋಡಿದ್ದೇನೆ: ಆ ಚಿತ್ರಕಾರ ಈ ಹಳೆಯ ಜಪಾನಿ ಚಿತ್ರದ ಸೇತುವೆಯನ್ನೇ ನೋಡಿ ಎಣ್ಣೆಬಣ್ಣದಲ್ಲಿ ಬರೆದು, ತನಗೆ ಓದಲು ಬಾರದ ಜಪಾನಿ ಅಕ್ಷರಗಳನ್ನು ಸುತ್ತ ಸೀರೆಯಂಚಿನಂತೆ ಕಟ್ಟಿದ್ದ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದ ತಂದ, ಜಪಾನಿನಿಂದ ತಂದೆನೆಂದು ಬಾಯಿಬಿಟ್ಟು ಹೇಳಿಯೂ ಹೇಳಿದ. ಸಿಟ್ಟೆಲ್ಲ ಆಮೇಲೆ ಬಡಿಸಿದವರ ಮೇಲೆ. ನಮ್ಮಲ್ಲಿ ಪಕ್ಕದ ಮನೆಯಿಂದ ಹುಳಿ ಬಂದರೆ, "ಇದು ಪದ್ಮಾ ಆಂಟಿ ಮನೇದು" ಎನ್ನದೆ ಸೌಟು ಎತ್ತುವುದುಂಟೆ? ಇವರೋ, ಇನ್ನೊಬ್ಬರ ಮನೆಯ ಹುಳಿಗೆ ತಮ್ಮ ಕೊತ್ತಂಬರಿ ಉದುರಿಸಿ, ಕೊನೆಗೆ ಹುಳಿಯೇ ಆ ಕೊತ್ತಂಬರಿಯಿಂದ ಹುಟ್ಟಿತು ಎನ್ನುತ್ತಾರೆ!

ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ಕೊಟ್ಟ ಮೆಲುದನಿಯಲ್ಲೇ ಟೀಚರಿಗೆ ಹೇಳಿದೆ. ಆಕೆ ಒಳ್ಳೆಯವರೇ, ಕೂಡಲೇ ಚೀಟಿ ಕಿತ್ತು, ಹೊಸದರಲ್ಲಿ 'ಜಪಾನಿ ಶೈಲಿ' ಎಂದು ಬರೆದರು. "ಈಗ ಸರಿಯಾಯಿತಲ್ಲ?"

ಆಗಿರಲಿಲ್ಲ. ಯುರೋಪಿನವನು ಬರೆದರೆ ಅವನಿಗೆ ಹೆಸರು, ಹುಟ್ಟೂರು, ಅವನ ಕಷ್ಟಸುಖದ ಕಥೆ. ಜಪಾನಿನವನು ಬರೆದರೆ ಬರೀ ದೇಶ. ದೇಶವೆಲ್ಲಾದರೂ ಕುಂಚ ಹಿಡಿದೀತೆ?

"ಕ್ಯಾಲೆಂಡರಿನ ಚಿತ್ರ ಬರೆದವರಿಗೂ ಒಂದು ಹೆಸರಿದೆ," ಎಂದೆ. ನನ್ನವರ ಗೆಳೆಯರು ಊಟಕ್ಕೆ ಬಂದಿದ್ದಾಗ ಚಿತ್ರದ ಮೂಲೆಯ ಅಕ್ಷರಗಳನ್ನು ಓದಿ ಹೇಳಿದ್ದರು. ಮೇಘನಾ ಅದನ್ನು ಅಲ್ಲೇ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಳು.

"ಓ, ಸ್ಪೆಲಿಂಗ್ ಹೇಗೆ?" ಟೀಚರು ಪೆನ್ನು ಹಿಡಿದು ಕಾದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಮುಂದೆ ಬಂದಳು. ಈ ದೇಶದ ಕೌಂಟರ್ ಕೌಂಟರಿನಲ್ಲೂ ನಾವು ನಮ್ಮ ಹೆಸರನ್ನು ಹೇಳಿ ಹೇಳಿ ರೂಢಿಯಾದ ಹಾಗೆಯೇ, ಒಂದೊಂದೇ ಅಕ್ಷರ ಬಿಡಿಸಿ, ನಡುವೆ ನಿಂತು, ಬರೆದದ್ದನ್ನು ಬಗ್ಗಿ ನೋಡಿ, "ನೋ, ಒನ್ ಮೋರ್ ಐ" ಎಂದು ತಿದ್ದಿ, ಕೊನೆಯ ಅಕ್ಷರದವರೆಗೂ ಅವರನ್ನು ಬಿಡಲಿಲ್ಲ.